ದಾನೆ ಮತ್ತು ದಾರೆ

ಬೆಳಿಗ್ಗೆ ಪೇಪರ್ ಬಂದ ಕೂಡಲೇ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳ ಚಟ, ಕಾಗುಣಿತದ ತಪ್ಪು ಹುಡುಕುತ್ತಾಳೆ ಎಂದು ನೀವು ಅಂದುಕೊಳ್ಳಬಹುದು. ಅಲ್ಲ, ಕಾಗುಣಿತದ ಆಸೆ ಬಿಟ್ಟು ಬಹಳ ದಿನವಾಯಿತು. ನಾನು ಹುಡುಕುವುದು ಒಂದೇ ಒಂದು ಅಕ್ಷರವನ್ನು. 'ಗಾಯಾಳು ಗಾರೆ ಕೆಲಸಗಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾನೆ' ಎಂದು ಎಲ್ಲಾದರೂ ಕಂಡರೆ ಆ 'ನೆ' ಹೊಡೆದುಹಾಕಿ ಮೇಲೆ 'ರೆ' ಎಂದು ಬರೆಯುತ್ತೇನೆ. ಬರೆದ ಮೇಲೆ ಕಾಫಿ ಕುಡಿಯುತ್ತೇನೆ.

ನಮ್ಮ ಯಜಮಾನರಿಗೆ ಇದನ್ನು ಕಂಡರೆ ಆಗದು. ಪೇಪರ್‌ನವರು ಮನೆಗೆ ಬಂದು ತಿದ್ದಿಸಿಕೊಂಡು ಹೋಗುತ್ತಾರಾ ಎಂದು ಕೇಳುತ್ತಾರೆ. ರದ್ದಿ ಪೇಪರ್ ತೆಗೆದುಕೊಳ್ಳಲು ಬರುವವರಂತೂ ಒಮ್ಮೆ ಕಟ್ಟು ಬಿಚ್ಚಿ ನೋಡಿ, "ಆಂಟಿ, ಇದೆಲ್ಲಾ ಎಕ್ಸಾಮ್ ಪೇಪರಾ? ತಗೊಂಡ್ರೆ ಪ್ರಾಬ್ಲಮ್ ಆಗಲ್ಲ ತಾನೆ?" ಎಂದು ಗಾಬರಿಯಾಗಿದ್ದರು.

ಈ ಅವನು-ಅವರುಗಳ ಪೀಕಲಾಟ ನನಗೆ ಹುಟ್ಟಿನಿಂದಲೇ ಬಂದದ್ದು. ನಮ್ಮಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಅಮ್ಮ ಗಂಡನ ಹೆಸರು ಹಿಡಿದು ಕರೆಯುವವಳಲ್ಲ. 'ಅವ್ರು ಬಂದ್ರಾ ನೋಡು', 'ಅವ್ರಿಗೆ ನೀರು ಕೊಡು', 'ಅವ್ರು ಊಟ ಮಾಡ್ದೆ ನಾನ್ ಹೇಗೆ ಮಾಡ್ಲಿ', ಹೀಗೇ ಅವಳ ಮಾತು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಅಪ್ಪನ ಹೆಸರು ಕೇಳಿದರು. ನಾನು ಕೈಕಟ್ಟಿ ನಿಂತು, ಗಟ್ಟಿಯಾಗಿ, 'ಅವ್ರು' ಎಂದೆ. ಯಾವ ಅವರು ಎಂದು ಮೇಷ್ಟ್ರು ಕೇಳಿದರೆ, ನಮ್ಮನೆಯಲ್ಲಿ ಇರುತ್ತಾರಲ್ಲ ಅವರು ಎಂದೆ. ಆಮೇಲೆ ಎಷ್ಟೋ ದಿನ ಅಪ್ಪ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತು, "ಅವ್ರು ಬಂದಿದಾರೆ ಕಣೇ, ಬಾಗಿಲು ತೆಗಿ" ಎಂದು ನನ್ನನ್ನು ರೇಗಿಸುತ್ತಿದ್ದರು. ಅವರ ನೀಲಿ ಅಂಗಿಗೆ ಅಂಟಿದ ಗ್ರೀಸಿನ ವಾಸನೆ ನನಗೆ ಇವತ್ತಿಗೂ ಇಷ್ಟ. ಬೇಕಾದರೆ ನಗಿ.

ಎಲ್ಲಿಂದಲೋ ಎಲ್ಲಿಗೋ ಹೋದೆ. ನಾನು ಹೇಳಹೊರಟಿದ್ದು ಸುದ್ದಿಯ ವಿಷಯ.

ನಮ್ಮ ಶಾಲೆ ಇದ್ದದ್ದು ನಾಗರಬಾವಿಯಲ್ಲಿ. ಎರಡು ಸಾವಿರದ ದಶಕದ ನಡುಭಾಗ. ಎಲ್ಲಿ ನೋಡಿದರೂ ಮರಳಿನ ಗುಡ್ಡೆ, ಜಲ್ಲಿಯ ಗುಡ್ಡೆ, ಮೇಲೆದ್ದು ನಿಂತ ಕಂಬಿಗಳು. ಹಳೇ ಊರಿನ ಗೌಡರ ಮನೆಗಳವರು ರಾಗಿ ಹೊಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದರು. ಕಟ್ಟುವುದಕ್ಕೆ ಬಿಜಾಪುರ, ರಾಯಚೂರಿನ ಕಡೆಯಿಂದ ಜನ ಬಂದಿದ್ದರು. ಕಟ್ಟಿಸುವವರ ಮಕ್ಕಳೂ ಕಟ್ಟುವವರ ಮಕ್ಕಳೂ ನಮ್ಮ ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

ಇಪ್ಪತ್ನಾಲ್ಕು ಗಂಟೆ ಸುದ್ದಿ ಹೇಳುವ ಚಾನೆಲ್‌ಗಳು ಆಗ ಹೊಸದು. ಅದೇ ಹೊತ್ತಿಗೆ ಹಳೇ ವಿದ್ಯಾರ್ಥಿಯೊಬ್ಬ ಶಾಲೆಗೆ ಒಂದು ಪುಟ್ಟ ವಿಡಿಯೊ ಕ್ಯಾಮೆರಾ ಕೊಟ್ಟ. ನಮ್ಮ ಹೆಡ್‌ಮಾಸ್ಟರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು. ಮಕ್ಕಳೇ ಸುದ್ದಿ ಓದಬೇಕು, ಮಕ್ಕಳೇ ಜಾಹೀರಾತು ಮಾಡಬೇಕು, ವಾರ್ಷಿಕೋತ್ಸವದಲ್ಲಿ ಟೀವಿ ಇಟ್ಟು ಎಲ್ಲರಿಗೂ ತೋರಿಸಬೇಕು ಎಂದು ಹೊರಟರು. ಯಾರು ಕಲಿಸುವುದು? ಸುದ್ದಿ ಎಂದರೆ ಕನ್ನಡ, ಕನ್ನಡ ಎಂದರೆ ನಾನು. ಅಷ್ಟೇ ಅವರ ಲೆಕ್ಕಾಚಾರ.

ನಾನು ಅದುವರೆಗೆ ಕ್ಯಾಮೆರಾದ ಮುಂದೆ ನಿಂತಿದ್ದುಂಟು, ಹಿಂದೆ ನಿಂತವಳಲ್ಲ. ಮೊದಲ ದಿನವೇ ನನ್ನ ಬಂಡವಾಳ ಬಯಲಾಯಿತು. ಕ್ಯಾಮೆರಾದಲ್ಲಿ ಒಂದು ಕೆಂಪು ಚುಕ್ಕೆ ಹತ್ತಿಕೊಳ್ಳುತ್ತಿತ್ತು. ಕೆಂಪು ಎಂದರೆ ನಿಂತಿದೆ ಎಂದು ನಾನು ತಿಳಿದೆ. ಸಿಗ್ನಲ್ಲಿನಲ್ಲಿ ಹಾಗೇ ತಾನೆ? ಮಕ್ಕಳು ಮಾತಾಡುವಾಗ ಕೆಂಪು ಆರಿಸಿದೆ, ಮುಗಿದ ಮೇಲೆ ಹತ್ತಿಸಿದೆ. ಕ್ಯಾಸೆಟ್ ಹಾಕಿ ನೋಡಿದರೆ ಮಕ್ಕಳು ಒಬ್ಬರೂ ಇಲ್ಲ. ಇಪ್ಪತ್ತು ನಿಮಿಷ ನನ್ನ ಕಾಲು, ನನ್ನ ಚಪ್ಪಲಿ, ಹಿನ್ನೆಲೆಯಲ್ಲಿ ನನ್ನ ಬೈಗುಳ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನು ಕ್ಯಾಮೆರಾವೇ ಸರಿಯಿಲ್ಲ ಎಂದೆ. ಅವತ್ತಿನಿಂದ ಕ್ಯಾಮೆರಾ ಒಂಬತ್ತನೇ ಕ್ಲಾಸಿನ ಚೇತನನ ಕೈಗೆ ಹೋಯಿತು, ಮತ್ತೆ ನನ್ನ ಕೈಗೆ ಬರಲಿಲ್ಲ.

ಚೇತನ ಹಳೇ ಊರಿನ ಗೌಡರ ಮನೆಯ ಹುಡುಗ. ಅವರಪ್ಪ ಶಾಲೆಯ ಹಿಂದಿನ ಬೀದಿಯಲ್ಲೇ ಮೂರಂತಸ್ತಿನ ಮನೆ ಎಬ್ಬಿಸುತ್ತಿದ್ದರು. ಅವರ ಪೈಕಿ ಅಪ್ಪನ ಮೇಲೆ ಪ್ರೀತಿ ಇದ್ದಷ್ಟೂ ಏಕವಚನ. 'ನಮ್ಮಪ್ಪ ಬತ್ತಾನೆ ಮಿಸ್, ಬಂದು ಸೈನ್ ಹಾಕ್ತಾನೆ' ಎನ್ನುತ್ತಿದ್ದ. ನಾನು 'ಬರ್ತಾರೆ ಅನ್ನೋ' ಎಂದು ತಿದ್ದಿ ತಿದ್ದಿ ಸುಸ್ತಾಗಿದ್ದೆ.

ಜಾಹೀರಾತು ಸುಲಭವಾಗಿ ಆಯಿತು. ಶಾಲೆಯ ಎದುರಿಗಿದ್ದ ಸೈಕಲ್ ಶಾಪಿನ ಖಾದರ್ ಸಾಬರಿಗಾಗಿ ಮಕ್ಕಳು ಒಂದು ಘೋಷಣೆ ಹೊಸೆದರು: 'ಖಾದರಣ್ಣ ಹಾಕಿದ ಪಂಚರ್, ಮತ್ತೆಂದೂ ಆಗದು ಪಂಚರ್!' ಪ್ರಾಸ ಕಂಡು ನನಗೆ ಹೆಮ್ಮೆಯಾಯಿತು. ಖಾದರ್ ಸಾಬರು ಮಾತ್ರ ಕೈಯೊರೆಸಿಕೊಳ್ಳುತ್ತಾ ಬಂದು, "ಮತ್ತೆ ಪಂಚರ್ರೇ ಆಗಲ್ಲ ಅಂದ್ರೆ ನಾನು ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ಬೇಕಾ ಮೇಡಂ?" ಎಂದರು. ನ್ಯಾಯವಾದ ಮಾತು. ಕೊನೆಗೆ 'ಬನ್ನಿ, ಮತ್ತೆ ಮತ್ತೆ ಬನ್ನಿ' ಎಂದು ಬದಲಾಯಿಸಿದೆವು. ಜಾಹೀರಾತಿನ ಗುಣವೇ ಅದು ನೋಡಿ. ಅಲ್ಲಿ ಎಲ್ಲರೂ ದೊಡ್ಡವರು: ಬನ್ನಿ, ನೋಡಿ, ಕೊಳ್ಳಿ. ಯಾರನ್ನೂ 'ಬಾರೋ, ತಗೊಳ್ಳೋ' ಎಂದು ಕರೆಯುವುದಿಲ್ಲ.

ಸುದ್ದಿಯಲ್ಲಿ ಹಾಗಲ್ಲ. ಅಲ್ಲಿ ಯಾರು 'ದಾನೆ', ಯಾರು 'ದಾರೆ' ಎಂಬುದಕ್ಕೆ ಒಂದು ಶಿಸ್ತಿದೆ ಎಂದು ನಾನು ಕಂಡುಹಿಡಿದಿದ್ದೆ. ಒಂದು ತಿಂಗಳ ಪೇಪರುಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದೆ. ಸಚಿವರು, ಉದ್ಯಮಿಗಳು, ಡಾಕ್ಟರು, ಮಾಲೀಕರು: ದಾರೆ. ಕಳ್ಳ, ಕುಡುಕ, ಕೂಲಿ, ಕ್ಲೀನರ್, ಕಾವಲುಗಾರ: ದಾನೆ. ಮಕ್ಕಳು ಬರೆದುಕೊಂಡರು. ಚೇತನ ಎದ್ದು ನಿಂತು ಕಳ್ಳ ಎಮ್ಮೆಲ್ಲೆ ಆದರೆ ಏನು ಎಂದು ಕೇಳಿದ. ಆಗ ದಾರೆ ಎಂದೆ. ಎಮ್ಮೆಲ್ಲೆ ಕಳ್ಳ ಆದರೆ? ಆಗಲೂ ದಾರೆಯೇ ಎಂದೆ. "ಅಂದ್ರೆ 'ರೆ' ಒಂದ್ಸಲ ಬಂದ್ರೆ ಹೋಗಲ್ಲ, 'ನೆ' ಇದ್ದೋನಿಗೆ 'ರೆ' ಬರಲ್ಲ, ಅಲ್ವಾ ಮಿಸ್?" ಎಂದ. ತರಲೆ ಮಾಡಬೇಡ ಕೂತ್ಕೋ ಎಂದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದಾಗ ನಾನು ಕೊಡುತ್ತಿದ್ದ ಉತ್ತರ ಅದೊಂದೇ.

ಸುದ್ದಿ ಓದುವುದಕ್ಕೆ ನಾನು ಆರಿಸಿದ್ದು ಶರಣಮ್ಮನನ್ನು. ಅದಕ್ಕೆ ಕಾರಣ 'ಹ'ಕಾರ. ನಮ್ಮ ಕಡೆಯ ಮಕ್ಕಳ ಬಾಯಲ್ಲಿ 'ಹೆಚ್ಚಿನ ವಿವರಗಳು' ಎಂಬುದು 'ಎಚ್ಚಿನ ವಿವರಗಳು' ಆಗುತ್ತಿತ್ತು, ನಾನು ಬೈದರೆ ಹೆದರಿ 'ಹಿಂದಿನ ಹಂಕಿ ಹಂಶಗಳು' ಎಂದುಬಿಡುತ್ತಿದ್ದರು. ಮುದ್ದೇಬಿಹಾಳದ ಕಡೆಯಿಂದ ಬಂದ ಶರಣಮ್ಮ ಬಾಯಿ ತೆರೆದರೆ ಒಂದೊಂದು ಅಕ್ಷರವೂ ತೊಳೆದಿಟ್ಟ ಪಾತ್ರೆಯ ಹಾಗೆ. ಎರಡು ಜಡೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದದ್ದು. ಮಾತು ಕಡಿಮೆ. ಮಾತಿಗೊಂದು 'ರೀ'.

ವಾರ್ಷಿಕೋತ್ಸವಕ್ಕೆ ಮೂರು ವಾರ ಇರುವಾಗ ಅವಳು ಹತ್ತು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ, ಮನೆಯಲ್ಲಿ ತೊಂದರೆ ಇತ್ತು ಎಂದು ಒಂದು ಚೀಟಿ ಕೊಟ್ಟಳು. ನಾನು ಏನು ತೊಂದರೆ ಎಂದು ಕೇಳಲಿಲ್ಲ. ಚೀಟಿಯಲ್ಲಿ 'ತೊಂದರೆ' ಎಂಬುದನ್ನು 'ತೊಂದ್ರಿ' ಎಂದು ಬರೆದಿದ್ದಳು, ಅದನ್ನು ತಿದ್ದಿ ಸಹಿ ಹಾಕಿದೆ.

ಆ ವಾರ ಚೇತನ ತಂದ ಸುದ್ದಿಗಳಲ್ಲಿ ಒಂದು ಹೀಗಿತ್ತು: 'ನಮ್ಮ ಬಡಾವಣೆಯಲ್ಲಿ ನಿರ್ಮಾಣ ಹಂತದ ಕಟ್ಟಡದಿಂದ ಬಿದ್ದು ಕಾರ್ಮಿಕರೊಬ್ಬರು ಗಾಯಗೊಂಡಿದ್ದಾರೆ. ಮಾಲೀಕರು ಕೂಡಲೇ ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ.' ನಾನು ಓದಿದೆ. ಕಾರ್ಮಿಕ, ಅದೂ ಬಹುವಚನ! ಬೋರ್ಡಿನ ಮೇಲೆ ಬರೆದು ಒಂದು ವಾರವಾಗಿಲ್ಲ, ಇವನ ತಲೆಯಿಂದ ಹೊರಟುಹೋಯಿತೇ ಎಂದು ಸಿಟ್ಟು ಬಂತು. ಕೆಂಪು ಪೆನ್ನು ತೆಗೆದು 'ಕಾರ್ಮಿಕನೊಬ್ಬ' ಮಾಡಿದೆ, 'ಗಾಯಗೊಂಡಿದ್ದಾನೆ' ಮಾಡಿದೆ, 'ಅವನನ್ನು' ಮಾಡಿದೆ. 'ಮಾಲೀಕರು ಸೇರಿಸಿದ್ದಾರೆ' ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಅದು ಸರಿಯಾಗಿತ್ತು.

ಆ ಕಟ್ಟಡ ಚೇತನನ ಅಪ್ಪ ಕಟ್ಟಿಸುತ್ತಿದ್ದ ಅದೇ ಮೂರಂತಸ್ತಿನ ಮನೆ. ಬಿದ್ದು ಕಾಲು ಮುರಿದುಕೊಂಡವರು ಶರಣಮ್ಮನ ಅಪ್ಪ ಮಲ್ಲಪ್ಪನವರು. ಗಾರೆ ಕೆಲಸ ಮಾಡಿಕೊಂಡು, ರಾತ್ರಿ ಅಲ್ಲಿಯೇ ಕಾವಲಿದ್ದುಕೊಂಡು, ಅದೇ ಸೈಟಿನ ಶೆಡ್ಡಿನಲ್ಲಿ ಸಂಸಾರ ಇಟ್ಟಿದ್ದರು. ಶರಣಮ್ಮನನ್ನು ನಮ್ಮ ಶಾಲೆಗೆ ಕರೆತಂದು ಸೇರಿಸಿದವರೇ ಚೇತನನ ಅಪ್ಪ. ಇದಿಷ್ಟೂ ಇಡೀ ಒಂಬತ್ತನೇ ಕ್ಲಾಸಿಗೆ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ಸುದ್ದಿ ಸಂಗ್ರಹಿಸುವುದು ಹೇಗೆ ಎಂದು ಕಲಿಸುತ್ತಿದ್ದವಳು ನಾನೇ.

ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಸೈನ್ಸ್ ಲ್ಯಾಬಿನಲ್ಲಿ ರೆಕಾರ್ಡಿಂಗು. ಲ್ಯಾಬಿನ ಮೇಜಿಗೆ ಹೆಡ್‌ಮಾಸ್ಟರ ಕೋಣೆಯ ಮೇಜುಬಟ್ಟೆ ಹೊದಿಸಿದ್ದೆವು. ಹಿಂದೆ ಕರ್ನಾಟಕದ ನಕ್ಷೆ. ಲ್ಯಾಬಿನ ಅಸ್ಥಿಪಂಜರವನ್ನು ಎಷ್ಟು ಮೂಲೆಗೆ ತಳ್ಳಿದರೂ ಅದರ ಒಂದು ಕೈ ಬೀದರಿನ ಪಕ್ಕದಲ್ಲಿ ಕಾಣಿಸುತ್ತಿತ್ತು. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಸುದ್ದಿಯನ್ನು ದಪ್ಪಕ್ಷರದಲ್ಲಿ ಬರೆದು ಇಬ್ಬರು ಹುಡುಗಿಯರು ಕ್ಯಾಮೆರಾದ ಪಕ್ಕ ಹಿಡಿದು ನಿಲ್ಲುತ್ತಿದ್ದರು. ಪಕ್ಕದ ಮನೆಯ ಆಂಟಿಗೆ ಹೇಳಿಕಳಿಸಿದ್ದೆವು, ಸ್ವಲ್ಪ ಹೊತ್ತು ಕುಕ್ಕರ್ ಇಡಬೇಡಿ, ಸುದ್ದಿ ಇದೆ ಎಂದು.

ನಮ್ಮಲ್ಲಿ ಎಡಿಟಿಂಗ್ ಎಂದರೆ ರಿವೈಂಡ್. ತಪ್ಪಾದರೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮೊದಲಿನಿಂದ ಮತ್ತೆ ಓದಬೇಕು. ಶರಣಮ್ಮ ತಪ್ಪುವವಳಲ್ಲ. 'ನಮಸ್ಕಾರ. ಓದುತ್ತಿರುವವರು ಶರಣಮ್ಮ' ಎಂದು ಶುರುಮಾಡಿ, ನೀರಿನ ಟ್ಯಾಂಕ್ ತೊಳೆದದ್ದು, ಖೋ ಖೋ ತಂಡ ವೀರೋಚಿತವಾಗಿ ಸೋತದ್ದು ಎಲ್ಲ ಓದಿದಳು. ನಾನು ಕೆಂಪಿನಲ್ಲಿ ತಿದ್ದಿದ್ದ ಹಾಳೆ ಬಂತು. 'ಕಾರ್ಮಿಕರೊಬ್ಬರು ಗಾಯಗೊಂಡಿದ್ದಾರೆ' ಎಂದಳು.

ಕಟ್ ಎಂದೆ. ಹಾಳೆ ನೋಡಿ ಓದು ಎಂದೆ. ಎರಡನೇ ಸಲವೂ ದಾರೆ. ಮೂರನೇ ಸಲವೂ ದಾರೆ. ನಾಲ್ಕನೇ ಸಲ 'ಗಾಯಗೊಂಡಿ' ಎಂದು ನಿಂತೇಬಿಟ್ಟಳು. ಬ್ಯಾಟರಿ ಕೊನೆಯ ಗೆರೆಗೆ ಬಂದಿದೆ ಎಂದು ಚೇತನ ಸನ್ನೆ ಮಾಡಿದ. ನನಗೆ ಹೊಟ್ಟೆ ಹಸಿದಿತ್ತು. ನಿಮ್ಮ ಕಡೆ ಕಂಡಕಂಡದ್ದಕ್ಕೆಲ್ಲ 'ರೀ' ಹಚ್ಚುತ್ತೀರಿ, ಸುದ್ದಿಯಲ್ಲಿ ಅದೆಲ್ಲ ನಡೆಯುವುದಿಲ್ಲ, ಒಂದು ಅಕ್ಷರ ನೋಡಿ ಓದಲಾರದವಳಿಗೆ ಈ ಕುರ್ಚಿ ಯಾಕೆ, ಎದ್ದೇಳು, ಬೇರೆಯವರು ಓದುತ್ತಾರೆ ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ.

ಅವಳು ಏಳಲಿಲ್ಲ. ಮೇಜುಬಟ್ಟೆಯ ಅಂಚು ಹಿಡಿದುಕೊಂಡು, ತಲೆ ತಗ್ಗಿಸಿ ಹೇಳಿದಳು:

"ಮಿಸ್ಸರ, ಉಳಿದದ್ದೆಲ್ಲಾ ನೀವು ಹೇಳಿದಂಗ ಓದ್ತೀನ್ರಿ. ಇದು ನಮ್ಮ ಅಪ್ಪಾರ ಸುದ್ದಿ ಐತ್ರಿ. ಅಪ್ಪಾರಿಗೆ 'ದಾನೆ' ಅನ್ನಾಕ ಬಾಯಿ ಬರಂಗಿಲ್ರಿ."

ಚೇತನ ಕ್ಯಾಮೆರಾದ ಹಿಂದಿನಿಂದಲೇ, ನನ್ನನ್ನು ನೋಡದೆ, "ನಾನು ಫಸ್ಟು 'ದಾರೆ' ಅಂತಾನೇ ಬರ್ದಿದ್ದೆ ಮಿಸ್, ನೀವೇ ಹೊಡೆದಾಕಿದ್ರಿ" ಎಂದ. ಸ್ವಂತ ಅಪ್ಪನಿಗೆ 'ಬತ್ತಾನೆ' ಎನ್ನುವ ಹುಡುಗ ಮಲ್ಲಪ್ಪನವರಿಗೆ ತಾನಾಗಿ 'ದಾರೆ' ಎಂದು ಬರೆದಿದ್ದ. ತಿದ್ದಿದವಳು ನಾನು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅದು ಮಹರಾಯಿತಿಗೂ ಅನ್ವಯಿಸುತ್ತದೆ.

ನನಗೆ ಬಹಳ ನಾಚಿಕೆಯಾಯಿತು. ಆ ನಾಚಿಕೆಯ ನಡುವೆ ನನಗೆ ನೆನಪಾದದ್ದು ನಮ್ಮಪ್ಪ. ಅವರು ಲೇತಿಗೆ ಸಿಕ್ಕಿ ಎಡಗೈಯ ಎರಡು ಬೆರಳಿನ ತುದಿ ಕಳೆದುಕೊಂಡಿದ್ದರು. ಅದು ಯಾವ ಪೇಪರಿನಲ್ಲೂ ಬರಲಿಲ್ಲ. ಬಂದಿದ್ದರೆ 'ಕಾರ್ಮಿಕನೊಬ್ಬ ಬೆರಳು ಕಳೆದುಕೊಂಡಿದ್ದಾನೆ' ಎಂದೇ ಬರುತ್ತಿತ್ತು. 'ಅವ್ರು' ಎಂಬುದೇ ಅಪ್ಪನ ಹೆಸರು ಎಂದು ತಿಳಿದಿದ್ದ ಹುಡುಗಿ ಅದನ್ನು ಓದಿ ಯಾರೋ ಬೇರೆಯವರು ಎಂದುಕೊಳ್ಳುತ್ತಿದ್ದಳು.

ಕೆಂಪು ಪೆನ್ನನ್ನು ಶರಣಮ್ಮನ ಕೈಗೆ ಕೊಟ್ಟೆ. ನೀನೇ ತಿದ್ದು ಎಂದೆ. ಮಿಸ್ ಬರೆದದ್ದನ್ನು ಹೇಗೆ ಹೊಡೆಯುವುದು ಎಂದು ಅವಳು ಸ್ವಲ್ಪ ಹಿಂಜರಿದಳು. ಆಮೇಲೆ ನನ್ನ 'ನೆ' ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ 'ರೆ' ಬರೆದಳು. ತಪ್ಪಾಯಿತು ಕಣಮ್ಮ ಎಂದು ನಾನು ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಟೀಚರುಗಳ ಬಾಯಿಗೆ ಆ ಮಾತು ಅಷ್ಟು ಬೇಗ ಬರುವುದಿಲ್ಲ. ಬೇಗ ಬೇಗ ಓದು, ಬ್ಯಾಟರಿ ಹೋಗುತ್ತೆ ಎಂದೆ.

ಐದನೇ ಸಲ ಎಲ್ಲವನ್ನೂ ಸರಾಗವಾಗಿ ಓದಿದಳು. 'ಗಾಯಗೊಂಡಿದ್ದಾರೆ' ಎಂದದ್ದೇ ತಡ, ಅಷ್ಟು ಹೊತ್ತು ಪಾಪ ಕಾದಿದ್ದ ಪಕ್ಕದ ಮನೆ ಆಂಟಿಯ ಕುಕ್ಕರ್ ಮೂರು ಸೀಟಿ ಹೊಡೆಯಿತು. ಮಾಲೀಕರು ಆಸ್ಪತ್ರೆಗೆ ಸೇರಿಸಿದ ಸುದ್ದಿ ಸೀಟಿಯಲ್ಲಿ ಮುಚ್ಚಿಹೋಯಿತು. ಮತ್ತೊಮ್ಮೆ ತೆಗೆಯೋಣ ಎಂದರೆ ಬ್ಯಾಟರಿ ಸತ್ತಿತ್ತು.

ವಾರ್ಷಿಕೋತ್ಸವದ ದಿನ ಮೈದಾನದಲ್ಲಿ ಶಾಮಿಯಾನ. ದೊಡ್ಡ ಟೀವಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಮೈಕ್ ಹಿಡಿದಿದ್ದೆವು. ಖಾದರ್ ಸಾಬರ ಜಾಹೀರಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸುದ್ದಿ ಮುಗಿದ ಮೇಲೆ ಹೆಡ್‌ಮಾಸ್ಟರು ನನ್ನ ಹತ್ತಿರ ಬಂದು, ಚೆನ್ನಾಗಿತ್ತು, ಆದರೆ ಕಾರ್ಮಿಕನ ಸುದ್ದಿಯಲ್ಲಿ ವಚನ ತಪ್ಪಿದೆ, ನೀವಿದ್ದೂ ಹೀಗಾಯಿತಲ್ಲ ಎಂದರು. ತಪ್ಪಿದ್ದು ನಾನು ಸಾರ್, ಸುದ್ದಿಯಲ್ಲಿ ತಪ್ಪಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿ ಅತಿಥಿಗಳ ಕಡೆ ಹೋದರು.

ಜನ ಕರಗಿದ ಮೇಲೆ ನೋಡಿದರೆ ಕೊನೇ ಸಾಲಿನಲ್ಲಿ ಒಬ್ಬರು ಕೂತೇ ಇದ್ದರು. ಬ್ಯಾಂಡೇಜಿನ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದರು. ಹೆಗಲ ಮೇಲೆ ಹೊಸ ಟವೆಲ್ಲು. ಪಕ್ಕದಲ್ಲಿ ಶರಣಮ್ಮ. ಚೇತನ ಮತ್ತು ಅವರಪ್ಪ ಆಟೋದಲ್ಲಿ ಕರೆತಂದಿದ್ದರಂತೆ. ನಾನು ಹತ್ತಿರ ಹೋದಾಗ ಮಲ್ಲಪ್ಪನವರು ಏಳಲು ನೋಡಿದರು, ಬೇಡ ಬೇಡ ಎಂದು ಕೂರಿಸಿದೆ. ಮಗಳು ಓದಿದ್ದು ಕೇಳಿ ಅವರ ಮುಖವೆಲ್ಲ ಅರಳಿತ್ತು. ಇಷ್ಟು ಜನರ ಮುಂದೆ ನಮ್ಮ ಹುಡುಗಿ ಅಂಜದೆ ಓದಿತು ಎಂದು ಎರಡು ಮೂರು ಸಲ ಹೇಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಅಲ್ರಿ ಟೀಚರಮ್ಮ, ಯಾರೋ ದೊಡ್ಡವರು ಕಟ್ಟಡದ ಮ್ಯಾಲಿಂದ ಬಿದ್ದಾರಂತಲ್ರಿ. ಪಾಪ, ಈಗ ಆರಾಮ ಅದಾರೇನ್ರಿ?"

ಶರಣಮ್ಮ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಅವರಂದ್ರ ನೀವ ರೀ, ಅಪ್ಪಾ" ಎಂದಳು.

ಮಲ್ಲಪ್ಪನವರು ಕುರ್ಚಿಯ ಮೇಲಿದ್ದ ತಮ್ಮ ಕಾಲನ್ನು ನೋಡಿದರು. ಆಮೇಲೆ, ತೊಂದರೆ ಇಲ್ಲದಿದ್ದರೆ ಆ ಸುದ್ದಿಯನ್ನು ಇನ್ನೊಮ್ಮೆ ಹಚ್ಚುತ್ತೀರಾ ಎಂದು ಕೇಳಿದರು.

ಶಾಮಿಯಾನದವರು ಆಗಲೇ ಕುರ್ಚಿ ಮಡಚುತ್ತಿದ್ದರು. ಟೀವಿಯ ಮುಂದಿನ ನಾಲ್ಕು ಕುರ್ಚಿ ಬಿಟ್ಟುಕೊಡಿ ಎಂದು ಬೇಡಿಕೊಂಡೆ. ಚೇತನ ಅವಸರದಲ್ಲಿ ಕ್ಯಾಸೆಟ್ಟನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ಸುತ್ತಿಬಿಟ್ಟ. ಹಾಗಾಗಿ ಮೊದಲು ಖಾದರ್ ಸಾಬರು ಬಂದು, ಬನ್ನಿ, ಮತ್ತೆ ಮತ್ತೆ ಬನ್ನಿ ಎಂದರು. ನೀರಿನ ಟ್ಯಾಂಕ್ ತೊಳೆದದ್ದಾಯಿತು, ಖೋ ಖೋ ತಂಡ ಸೋತದ್ದಾಯಿತು. ಮಲ್ಲಪ್ಪನವರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ತಮ್ಮ ಸರದಿ ಬಂತು ಎಂದು ಗೊತ್ತಾದಾಗ ಹೆಗಲ ಟವೆಲ್ ಸರಿಮಾಡಿಕೊಂಡು ನೆಟ್ಟಗೆ ಕೂತರು.

'ಕಾರ್ಮಿಕರೊಬ್ಬರು ಗಾಯಗೊಂಡಿದ್ದಾರೆ' ಎಂದಳು ಟೀವಿಯೊಳಗಿನ ಶರಣಮ್ಮ.

"ಹೌದ್ರಿ" ಎಂದರು ಮಲ್ಲಪ್ಪನವರು, ಟೀವಿಗೆ.